ಅಪ್ಪನ ದಿಮ್ಮಿಯ ಹಸಿರು ಬೂಷ್ಟು

ಕಾಪು,
೧೮ ಜುಲೈ ೨೦೦೪

ಪ್ರೀತಿಯ ತಂಗಿ ಸ್ವರ್ಣಲತಾ,

ಪುಣೆಯ ಮಳೆಗೆ ನಿನ್ನ ಉಬ್ಬಸ ಜೋರಾಗಿಲ್ಲ ತಾನೆ? ನಿನ್ನ ಅತ್ತಿಗೆ ಪುಷ್ಪಾವತಿ ಕಷಾಯದ ಪುಡಿ ಕಟ್ಟಿಟ್ಟಿದ್ದಾಳೆ. ನನಗೆ ಎಷ್ಟೇ ಸಿಟ್ಟಿದ್ದರೂ ಅದನ್ನು ಕಳಿಸುತ್ತೇನೆ, ಮರೆಯದೆ ಕುಡಿ.

ಹೌದು, ಸಿಟ್ಟು ಬಂದಿದೆ. ಹೋದ ಸೋಮವಾರ ಮಣಿಪಾಲದಿಂದ ನಿನ್ನ ಹಳೆಯ ಪ್ರೊಫೆಸರ್ ಮನೆಗೆ ಬಂದಿದ್ದರು. ನಿನ್ನ ಸಂಶೋಧನಾ ಲೇಖನ ಅಚ್ಚಾದ ಇಂಗ್ಲಿಷ್ ಪತ್ರಿಕೆ ತಂದು, ಚಾವಡಿಯಲ್ಲಿ ಅಪ್ಪನ ಪಕ್ಕ ಕೂತು ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. ಹಸಿರು ಬೂಷ್ಟು ಬಿಡುವ ರಸ ಮರ ತಿನ್ನುವ ಬೂಷ್ಟನ್ನು ಕೊಲ್ಲುತ್ತದೆ, ಹಾಗಾಗಿ ಹಲಗೆ ಕೊಳೆತು ಕುಂಬಾಗುವುದಿಲ್ಲ ಎಂದಾಗ ಅಪ್ಪನ ಮುಖ ಅರಳಿತು. ಮುಂದಿನ ಸಾಲಿಗೆ ಬಾಡಿತು. ಆ ಬೂಷ್ಟು ನಿನಗೆ ಸಿಕ್ಕಿದ್ದು ಕಾಪು ಕಡಲತೀರದಲ್ಲಿ ಬಿಸಾಡಿದ್ದ ಮರದ ತುಂಡಿನಲ್ಲಂತೆ! “ಬಿಸಾಡಿದ್ದಾ? ಯಾರು ಮಾರಾಯ್ರೆ ಬಿಸಾಡಿದ್ದು?” ಎಂದು ಅಪ್ಪ ಪ್ರೊಫೆಸರನ್ನೇ ಕೇಳಿದರು. ಪಾಪ, ಅವರಿಗೇನು ಗೊತ್ತು.

ನಿನಗೆ ಗೊತ್ತಿತ್ತು. ನಮ್ಮ ದೋಣಿ ಶೆಡ್ಡಿನ ಮೂಲೆಯ ಹಲಸಿನ ದಿಮ್ಮಿಯಿಂದ ಅಪ್ಪ ಪ್ರತಿ ಮಳೆಗಾಲ ಆ ಬೂಷ್ಟು ಕೆರೆದು, ಗಂಜಿತಿಳಿಯಲ್ಲಿ ಕಲಸಿ, ಹೊಸ ಹಲಗೆಗೆ ಬಳಿದ ಮೇಲೆಯೇ ದೋಣಿಗೆ ಜೋಡಿಸುವುದು. ಆಚಾರಿ ದೋಣಿಗೂ ಗಂಜಿ ಉಣಿಸುತ್ತಾರೆ ಎಂದು ಊರು ನಗುತ್ತಿತ್ತು. ಗಂಜಿಯ ಬಟ್ಟಲು ಹಿಡಿದು ನಿಲ್ಲುತ್ತಿದ್ದವಳು ನೀನೇ. ನೀನು ಪ್ರಯೋಗಶಾಲೆಯಿಂದ ತಂದ ಗಾಜಿನ ತಟ್ಟೆಗೆ ಅದನ್ನು ಕೆರೆದು ಹಾಕಿದ್ದು ಅಪ್ಪನ ಕೈ. ಅವರಿಗೆ ಹೆಸರು ಬೇಕಿರಲಿಲ್ಲ. ಅಪ್ಪ ತೋರಿಸಿದರು ಎಂದು ಬರೆದಿದ್ದರೆ ಸಾಕಿತ್ತು. ದೋಣಿ ಆಚಾರಿಯ ಮಗಳೆಂದು ಹೇಳಿಕೊಳ್ಳಲು ನಾಚಿಕೆಯಾಯಿತೆ? ಉಂಡ ಮನೆಯ ಗಳ ಹಿರಿದೆಯಲ್ಲ ತಂಗಿ.

ಅಂದಿನಿಂದ ಅಪ್ಪ ಶೆಡ್ಡಿನ ಕಡೆ ತಲೆ ಹಾಕಿಲ್ಲ. ಮೀನು ಹಿಡಿಯುವ ಸಿರಿಲ್ ಮಾಡಿಸುತ್ತಿದ್ದ ದೋಣಿ ಅರ್ಧಕ್ಕೆ ನಿಂತಿದೆ. ನಿನ್ನ ಫೋಟೋವನ್ನು ಮಾತ್ರ ಗೋಡೆಯಿಂದ ತೆಗೆಯಲು ಬಿಡುವುದಿಲ್ಲ.

ಈ ಸಲ ಆಶೀರ್ವಾದ ಬರೆಯಬಾರದು ಎಂದುಕೊಂಡಿದ್ದೆ. ಕೈ ಕೇಳುವುದಿಲ್ಲ. ಆರೋಗ್ಯವಾಗಿರು.

ನಿನ್ನ ಅಣ್ಣ,
ಭುಜಂಗ

ಮರೆತಿದ್ದೆ, ಅಲ್ಲ, ಬರೆಯಲು ಹಿಂಜರಿದೆ: ಮಣಿಪಾಲದ ದೊಡ್ಡವರು ಬರುತ್ತಾರೆ, ಬೂಷ್ಟು ಹಿಡಿದ ಮನೆ ಅನ್ನಿಸಿಕೊಳ್ಳಬಾರದು ಎಂದು ಪುಷ್ಪಾವತಿ ಆ ಸೋಮವಾರ ಬೆಳಿಗ್ಗೆಯೇ ಶೆಡ್ಡಿನ ಆ ದಿಮ್ಮಿಗೆ ಫಿನಾಯಿಲ್ ಸುರಿದು, ತಿಕ್ಕಿ ತೊಳೆದುಬಿಟ್ಟಿದ್ದಾಳೆ. ಒಂದು ಚುಕ್ಕೆ ಹಸಿರೂ ಉಳಿದಿಲ್ಲ. ಅಪ್ಪನಿಗೆ ಇನ್ನೂ ಗೊತ್ತಿಲ್ಲ. ಈಗ ಅದು ಜೀವಂತ ಇರುವುದು ನಿನ್ನ ತಟ್ಟೆಯಲ್ಲಿ ಮಾತ್ರ. ನಿನ್ನ ಹತ್ತಿರ ಇನ್ನೇನೂ ಕೇಳುವುದಿಲ್ಲ, ಒಂದು ಚಿಟಿಕೆ ಕಳಿಸು. ಅಪ್ಪ ಶೆಡ್ಡಿಗೆ ಹೋಗುವ ಮುಂಚೆ.