ಹಣ ಕೇಳಲು ಹೋಗಿ ನೀರು ಕೇಳಿದ್ದು

ಕೂಡಿದ ಮಹಾಜನರೇ, ಕಿವಿಗೊಟ್ಟು ಕೇಳಿ! ಜನ ಎಲ್ಲಿದ್ದಾರೋ ಅಂತೀರಾ, ಅಪ್ಪಾ? ಇಲ್ಲಿರುವುದು ನಾನು, ಈ ಕಾಗದ, ಗೋಡೆಯ ಮೇಲೆ ನಿಮ್ಮ ಫೋಟೋ. ಓದಲು ನೀವಿಲ್ಲದಿದ್ದರೂ ಸುದ್ದಿ ಸಾರಲೇಬೇಕು: ನಿಮ್ಮ ಕಂಟ್ರಾಕ್ಟರ್ ಮಗನಿಗೆ ಇಂದು ಹೇಳಿದ ದಿನಕ್ಕೇ ಹಣ ಬಂತು!

ಟೀಚರಮ್ಮನ ಹೊಸ ಮನೆಗೆ ಚಾವಣಿ ಹಾಕಿ ಮುಗಿಸಿದ್ದೆ. ಆ ಕೆಲಸದ ಕಂತಿನ ಹಣ ಇವತ್ತು ಬಾರದಿದ್ದರೆ ಹನ್ನೊಂದು ಆಳುಗಳ ಕೂಲಿ ನಿಲ್ಲುತ್ತಿತ್ತು. ಟೀಚರಮ್ಮ ಈಗಿರುವ ಬಾಡಿಗೆ ಮನೆಗೆ ಮೂರು ಮಹಡಿ ಹತ್ತುವಾಗ ನನ್ನ ಮಾತುಗಳು ಸಿಡಿಲಿನಂತೆ ಸಿದ್ಧವಾಗಿದ್ದವು. ಬಾಗಿಲು ತೆರೆಯಿತು. ಬಾಯಿಂದ ಹೊರಟಿದ್ದು ಇಷ್ಟೇ: "ಅಮ್ಮಾ, ಒಂದು ಲೋಟ ನೀರು ಕೊಡ್ತೀರಾ?"

ಆಕೆ ನೀರು ಕೊಟ್ಟು ನಕ್ಕರು. "ಏನ್ರೀ, ಸೈಟಲ್ಲಿ ನೀವು ಕೂಗಿದ್ರೆ ನಾಲ್ಕು ಬೀದಿಗೆ ಕೇಳುತ್ತೆ, ಇಲ್ಲಿ ಪಿಸುಗುಡ್ತೀರಲ್ಲ! ದುಡ್ಡಿಗೆ ತಾನೇ ಬಂದಿದ್ದು? ಬೆಳಿಗ್ಗೆನೇ ಹಾಕಿದೀನಿ. ಫೋನ್ ನೋಡೇ ಇಲ್ವಾ ನೀವು?"

ನೋಡಿದೆ. ಪೂರ್ತಿ ಬಂದಿತ್ತು! ಕುಣಿಯುತ್ತಾ ಇಳಿದೆ, ಅಪ್ಪಾ. ಕೊನೆಯ ಮೆಟ್ಟಿಲಲ್ಲಿ ಮಾತ್ರ ಕಾಲು ನಿಂತಿತು. ಹಿಂದೊಮ್ಮೆ ಮನೆ ಕಟ್ಟಿಸಿದವರ ಹತ್ತಿರ ಬಾಕಿ ಕೇಳಲು ಹೋಗಿ ನೀವು ಬರಿಗೈಯಲ್ಲಿ ಹಿಂದಿರುಗಿದ ಆ ಸಂಜೆ, ಆಳುಗಳ ಎದುರಿಗೇ, "ಕೇಳೋಕೆ ನಿಮಗೆ ಬಾಯಿಲ್ವಾ?" ಎಂದು ಗರ್ಜಿಸಿದ್ದೆ. ನೀವು ಗಾರೆ ಮೆತ್ತಿದ ಕರಣೆ ತೊಳೆಯುತ್ತಾ ಕೂತಿರಿ. ತೊಳೆದದ್ದನ್ನೇ ಮತ್ತೆ ತೊಳೆದಿರಿ.

ನಾಳೆ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆಯೇ ಕೂಲಿ ಹಂಚುತ್ತೇನೆ. ನಮ್ಮ ಕಂಬಿ ಕಟ್ಟುವವನು ಬಾಯಿಬಿಟ್ಟು ಕೇಳುವ ಮನುಷ್ಯನಲ್ಲ. ಅವನಿಗೇ ಮೊದಲು ಕೊಡುತ್ತೇನೆ.