ನನ್ನ ಎಡಗಣ್ಣನ್ನು ನನಗೇ ಕೊಡಿ

ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ಎಡಗಣ್ಣು ಹೋಗಿ ಎರಡು ವರ್ಷವಾಯಿತು. ಅದನ್ನು ನೀವು ಒಬ್ಬ ಬಸ್ ಚಾಲಕರಿಗೆ ಕೊಟ್ಟಿದ್ದೀರಿ. ಕಣ್ಣು ದಾನ ಮಾಡುವುದು ಪುಣ್ಯದ ಕೆಲಸವೆಂದು ನಿಮ್ಮ ಗೋಡೆಯ ಮೇಲೇ ಬರೆದಿದೆ, ಒಪ್ಪುತ್ತೇನೆ. ಕುರುಡನ್ನು ದಾನ ಮಾಡಬೇಕೆಂದು ಎಲ್ಲೂ ಬರೆದಿಲ್ಲ.

ನಾನು ದರ್ಜಿ. ನಮ್ಮ ಬಡಾವಣೆಯಲ್ಲಿ ನನ್ನದೇ ಹೆಸರಿನವರು ಇನ್ನಿಬ್ಬರಿದ್ದಾರೆ: ಈ ಬಸ್ ಚಾಲಕರು ಮತ್ತು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಮೇಷ್ಟ್ರು. ಅಂಚೆಯವನು ತಲೆ ಕೆಡಿಸಿಕೊಳ್ಳದೆ ಮೂವರ ಕಾಗದಗಳನ್ನೂ ನನ್ನ ಅಂಗಡಿಗೇ ಹಾಕುತ್ತಾನೆ. ಭಾನುವಾರ ಬೆಳಿಗ್ಗೆ ಮೂವರೂ ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಕೂತು, ಒಡೆದು ಓದಿ, ಅವರವರದನ್ನು ಅವರವರು ಎತ್ತಿಕೊಳ್ಳುತ್ತೇವೆ. ಮೇಷ್ಟ್ರಿಗೆ ಹೆಣ್ಣು ಒಪ್ಪಿದ ಸುದ್ದಿಯನ್ನು ಮೊದಲು ಓದಿದವನು ನಾನೇ. ಹನ್ನೊಂದು ವರ್ಷದಲ್ಲಿ ಒಂದು ಕಾಗದವೂ ಅದಲುಬದಲಾಗಿಲ್ಲ.

ಕಳೆದ ತಿಂಗಳು ಚಾಲಕರು ವರ್ಷದ ಕಣ್ಣಿನ ಪರೀಕ್ಷೆಗೂ ನಾನು ಅಂಗವಿಕಲರ ಪ್ರಮಾಣಪತ್ರಕ್ಕೂ ಒಂದೇ ದಿನ ನಿಮ್ಮಲ್ಲಿಗೆ ಬಂದೆವು. ಜೊತೆಯಲ್ಲಿ ಬಂದದ್ದೇ ತಪ್ಪಾಯಿತೇನೋ. ಭಾನುವಾರ ಲಕೋಟೆ ಒಡೆದರೆ ನನ್ನವು ಹದ್ದಿನ ಕಣ್ಣುಗಳು, ಚಾಲಕರ ಎಡಗಣ್ಣು ಸೊನ್ನೆ. ಅಷ್ಟರಲ್ಲಿ ಆ ವರದಿಯ ಇನ್ನೊಂದು ಪ್ರತಿ ಡಿಪೋ ಸೇರಿಯಾಗಿತ್ತು. ಇಪ್ಪತ್ತೆರಡು ವರ್ಷ ಒಂದು ಕೋಳಿಯ ಮೇಲೂ ಗಾಲಿ ಹತ್ತಿಸದೆ ಬಸ್ ಓಡಿಸಿದವರು ಈಗ ಮನೆಯಲ್ಲಿ ಕೂತಿದ್ದಾರೆ. ಈ ತಿಂಗಳ ಮೂವತ್ತರೊಳಗೆ ವರದಿ ತಿದ್ದದಿದ್ದರೆ ಕೆಲಸವೇ ಹೋಗುತ್ತದೆ.

ತಿದ್ದಿಸಲು ಇಬ್ಬರೂ ಬಂದೆವು. ಒಂದು ಹೆಸರಿಗೆ ಒಂದೇ ಟೋಕನ್ ಎಂದರು ನಿಮ್ಮ ದಾಖಲೆ ಕೋಣೆಯ ಗುಮಾಸ್ತರು. ಚಾಲಕರು ಒಳಗೆ, ನಾನು ಹೊರಗಿನ ಬೆಂಚಿನ ಮೇಲೆ. ಅವರು ಬಲಗಣ್ಣು ಮುಚ್ಚಿಕೊಂಡು ಗೋಡೆಯ ಕ್ಯಾಲೆಂಡರಿನಲ್ಲಿದ್ದ ಸಣ್ಣ ಅಕ್ಷರವನ್ನೆಲ್ಲ ಓದಿ ತೋರಿಸಿದರಂತೆ. ಗುಮಾಸ್ತರು ತಲೆ ಎತ್ತದೆ, "ಬಾಯಿಪಾಠ ಮಾಡ್ಕೊಂಡು ಬಂದಿರ್ತೀರ. ಕಾಣಲ್ಲ ಅಂತ ವರದೀಲೇ ಇದೆಯಲ್ಲ" ಎಂದರಂತೆ. ಆ ಕಣ್ಣಿಲ್ಲದವರು ಹೊರಗೇ ಕೂತಿದ್ದಾರೆ, ಕರೆಯಲೇ ಎಂದು ಇವರು ಕೇಳಿದರೆ, ಅವರಿಗೆ ಟೋಕನ್ ಎಲ್ಲಿದೆ ಎಂಬ ಮರುಪ್ರಶ್ನೆ. ಮಾನ್ಯರೇ, ಒಬ್ಬ ದರ್ಜಿಯ ಮೇಜಿನ ಮೇಲೆ ಆಗುವ ವಿಂಗಡಣೆ ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಆಗದೇ? ಹೆಸರು ಒಂದಾದರೆ ಕಣ್ಣೂ ಒಂದಾಗುತ್ತದೆಯೇ? ಮೇಷ್ಟ್ರು ಮುಂದಿನ ವಾರ ನಿಮ್ಮಲ್ಲಿ ಹಲ್ಲು ಕೀಳಿಸಿಕೊಳ್ಳಬೇಕಿತ್ತು. ನಮ್ಮ ಹಲ್ಲುಗಳ ಮೇಲಿನ ಆಸೆಯಿಂದ ನಾವಿಬ್ಬರೂ ಅವರನ್ನು ತಡೆದಿದ್ದೇವೆ.

ಮೊನ್ನೆ ಚಾಲಕರ ಹೆಂಡತಿ ಅಂಗಡಿಗೆ ಬಂದರು. "ಅಣ್ಣ, ನಿಮ್ಮ ಕಣ್ಣು ಹೋಗಿದ್ದಕ್ಕೆ ನಮ್ಮನೆಯವರು ಯಾಕೆ ಕೆಲಸ ಬಿಡ್ಬೇಕು?" ಎಂದರು. ಜಗಳಕ್ಕೆ ಬಂದದ್ದಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದು. ತಪ್ಪು ನಿಮ್ಮದು, ನಾಚಿಕೆ ನನ್ನದು. ಇದೂ ನಿಮ್ಮ ದಾಖಲೆ ಕೋಣೆಯಲ್ಲೇ ಅದಲುಬದಲಾಗಿರಬೇಕು.

ನನ್ನ ಬೇಡಿಕೆ ಇಷ್ಟೇ. ಮೂವತ್ತರೊಳಗೆ ನಮ್ಮಿಬ್ಬರನ್ನೂ ಒಟ್ಟಿಗೆ ಒಳಗೆ ಕರೆಯಿರಿ, ಎರಡು ಕುರ್ಚಿ ಹಾಕಿಸಿ. ನನ್ನ ಪ್ರಮಾಣಪತ್ರ ತಡವಾದರೂ ಸರಿ, ಮೊದಲು ಡಿಪೋಗೆ ಬರೆಯಿರಿ. ಸಾಕ್ಷಿ ಬೇಕಿದ್ದರೆ ನನ್ನ ಅಂಗಡಿಗೆ ಬನ್ನಿ. ಚಾಲಕರು ದಿನವೂ ಬಂದು ನನ್ನ ಪಕ್ಕ ಕೂರುತ್ತಾರೆ; ಬಲಗಣ್ಣು ಮುಚ್ಚಿಕೊಂಡು ನನ್ನ ಸೂಜಿಗೆ ದಾರ ಪೋಣಿಸಿಕೊಡುತ್ತಾರೆ. ನಾನು ಬೇಡವೆಂದರೆ, "ಅಭ್ಯಾಸ ಇರ್ಲಿ ಅಣ್ಣ, ಯಾವಾಗ ಕರೀತಾರೋ" ಎನ್ನುತ್ತಾರೆ.

ಇಂತಿ,
ಎರಡೂ ಕಣ್ಣು ಚೆನ್ನಾಗಿವೆಯೆಂದು ನೀವೇ ಸಹಿ ಹಾಕಿಕೊಟ್ಟ
ದರ್ಜಿ