ಇಬ್ಬರು ರಾಣಿಯರ ಪ್ರಜೆ

೮ ಸೆಪ್ಟೆಂಬರ್ ೨೦೨೨, ಗುರುವಾರ, ಗ್ರಿಮ್ಸ್‌ಬಿ, ಇಂಗ್ಲೆಂಡ್

ಹ್ಯಾಡಕ್ ಮೀನು ಮತ್ತೆ ಸೀದುಹೋಯಿತು. ಹೆಂಡತಿ ಮೌರೀನ್ ಇದ್ದಿದ್ದರೆ ಕೈಯಿಂದ ಸೌಟು ಕಿತ್ತುಕೊಳ್ಳುತ್ತಿದ್ದಳು. ರೇಡಿಯೋದಲ್ಲಿ ಮಾತು ನಿಂತು ರಾಷ್ಟ್ರಗೀತೆ ಬಂತು. ರಾಣಿ ತೀರಿಕೊಂಡರು.

ಒಲೆ ಆರಿಸಿದೆ. ಮೌರೀನಳ ಫೋಟೋ ನೋಡಿ, ‘ನಿನ್ನ ರಾಣಿ ಹೋದಳು ಕಣೇ’ ಎಂದೆ. ನನ್ನ ತಾಯ್ನುಡಿ ಡ್ಯಾನಿಶ್‌ನಲ್ಲಿ. ಯಾಕೋ ಗೊತ್ತಿಲ್ಲ — ಅವಳಿಗೆ ಬರುತ್ತಿದ್ದ ಡ್ಯಾನಿಶ್ ಎಲ್ಲ ನನ್ನನ್ನು ಬೈಯಲು ಕಲಿತದ್ದು.

೭೭ರ ಜೂನ್ ನೆನಪಾಯಿತು. ರಾಣಿ ಪಟ್ಟಕ್ಕೆ ಬಂದ ಬೆಳ್ಳಿಹಬ್ಬ. ಐಸ್‌ಲ್ಯಾಂಡಿನ ಕಡಲು ನಮ್ಮೂರ ಮೀನುದೋಣಿಗಳಿಗೆ ಮುಚ್ಚಿತ್ತು, ಅರ್ಧ ಬೀದಿಗೆ ಕೆಲಸವಿರಲಿಲ್ಲ. ಆದರೂ ಬೀದಿಯುದ್ದ ಮೇಜು, ಬಣ್ಣದ ಕಾಗದ, ಕಡಲಗಾಳಿಗೆ ನಡುಗುವ ಜೆಲ್ಲಿ. ಪಕ್ಕದ ಮನೆಯ ಕ್ಲೈವ್ ಮಾತ್ರ ಪರದೆ ಎಳೆದು ಒಳಗೇ ಕೂತಿದ್ದ. ಮೀನು ಹಿಡಿಯುವ ಟ್ರಾಲರ್ ಹಡಗಿನವನು, ಲೇಬರ್ ಪಕ್ಷದವನು, ಅರಮನೆ ಎಂದರೆ ಉರಿದುಬೀಳುವವನು. ಸಂಜೆ ಮೆಲ್ಲಗೆ ಹೊರಗೆ ಬಂದ.

‘ರಾಣಿಗೋಸ್ಕರ ಅಲ್ಲ, ಬಿಯರ್‌ಗೆ ಬಂದೆ.’

‘ಬಿಯರೂ ರಾಣೀದೇ. ಹೋಗು ವಾಪಸ್ಸು,’ ಅಂದಳು ಮೌರೀನ್. ಹೇಳುತ್ತಲೇ ಗ್ಲಾಸು ತುಂಬಿಸಿ ಕೊಟ್ಟಳು.

ಇವತ್ತು ರಾತ್ರಿ ಡೆನ್ಮಾರ್ಕಿನ ಎಸ್ಬಿಯರ್‌ನಿಂದ ತಂಗಿ ಯೊನ್ನಾ ಫೋನ್ ಮಾಡಿದಳು. ‘ಈಗಲಾದ್ರೂ ಬಂದ್ಬಿಡೋ ಅಣ್ಣ. ಅಲ್ಲಿ ಇನ್ಯಾರಿದಾರೆ ನಿಂಗೆ?’ ಸೋಮವಾರದ ಆಚೆಯ ಸೋಮವಾರ ಮಾರಾಟಕ್ಕೆಂದು ಮನೆ ನೋಡಲು ಏಜೆಂಟ್ ಬರುತ್ತಾನೆ ಎಂದೆ. ಖುಷಿಪಟ್ಟಳು.

೧೦ ಸೆಪ್ಟೆಂಬರ್

ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಗೋಡೆಯಾಚೆ ಕ್ಲೈವ್. ಇಬ್ಬರೂ ಆಕಾಶ ನೋಡಿದೆವು. ಇಷ್ಟು ವರ್ಷದಿಂದ ಹೀಗೇ.

೨೦೧೬ರಲ್ಲಿ ಯುರೋಪ್ ಒಕ್ಕೂಟ ಬಿಡಬೇಕೋ ಬೇಡವೋ ಎಂದು ದೇಶ ಮತ ಹಾಕುವ ಹೊತ್ತಿಗೆ ಅವನ ಕಿಟಕಿಯಲ್ಲಿ ‘ಹೊರಗೆ ಬರೋಣ’ ಎಂಬ ದೊಡ್ಡ ಪೋಸ್ಟರ್. ‘ನನ್ನನ್ನೂ ಗಂಟುಮೂಟೆ ಕಟ್ಟಿಸ್ತೀಯೇನೋ?’ ಎಂದು ಕೇಳಿದ್ದೆ. ‘ಛೆ, ನಿನಗಲ್ಲ ಮಾರಾಯ, ಬೇರೆಯವರಿಗೆ,’ ಅಂದ. ಅದು ಇನ್ನೂ ಹೆಚ್ಚು ನೋಯಿಸಿತು. ಅಲ್ಲಿಗೆ ಮಾತು ನಿಂತಿತು. ಮೌರೀನ್ ಮಾತ್ರ ಗೋಡೆಯ ಮೇಲಿಂದ ಅವನಿಗೆ ಪೈ ದಾಟಿಸುತ್ತಲೇ ಇದ್ದಳು.

೨೦೨೦ರ ಏಪ್ರಿಲ್‌ನಲ್ಲಿ ಅವಳು ಹೋದಳು. ಕೋವಿಡ್ ಕಾಲ, ಸ್ಮಶಾನಕ್ಕೆ ನನ್ನ ಹೊರತು ಯಾರನ್ನೂ ಬಿಡಲಿಲ್ಲ. ಶವದ ಕಾರು ಬೀದಿ ದಾಟುವಾಗ ಕ್ಲೈವ್ ಒಬ್ಬನೇ ಮಳೆಯಲ್ಲಿ ನಿಂತಿದ್ದ, ಟೋಪಿ ಕೈಯಲ್ಲಿ. ಕಾರಿನೊಳಗಿಂದ ನೋಡಿದೆ. ನಾನು ನೋಡಿದ್ದು ಅವನಿಗೆ ಗೊತ್ತಿಲ್ಲ.

೧೧ ಸೆಪ್ಟೆಂಬರ್, ಭಾನುವಾರ

ಟೌನ್‌ಹಾಲ್ ಮುಂದೆ ಹೊಸ ರಾಜರ ಘೋಷಣೆ ಓದಿದರು. ಅವಳಿದ್ದರೆ ಮುಂದಿನ ಸಾಲಿಗೆ ಎಳೆದೊಯ್ಯುತ್ತಿದ್ದಳು ಎಂದು ಹೋದೆ. ಹಿಂದಿನ ಸಾಲಲ್ಲಿ — ಕ್ಲೈವ್! ಜೇಬಿನಲ್ಲಿ ಕೈ, ತಲೆಯ ಮೇಲೆ ಟೋಪಿ.

‘ದೇವರು ರಾಜರನ್ನು ಕಾಪಾಡಲಿ’ ಎಂದು ಎಲ್ಲರೂ ಕೂಗಿದಾಗ ಅವನ ತುಟಿ ಅಲುಗಲಿಲ್ಲ. ಪಕ್ಕದಲ್ಲಿ ಎದೆಗೆ ಪದಕ ಚುಚ್ಚಿಕೊಂಡ ಒಬ್ಬ ಕೆರಳಿದ. ‘ಟೋಪಿ ತೆಗಿಯಯ್ಯಾ! ಮರ್ಯಾದೆ ಇಲ್ವಾ?’

ನನ್ನ ಬಾಯಿ ತಾನೇ ತೆರೆಯಿತು. ‘ಯಾರಿಗೆ ತೆಗೀಬೇಕು ಅಂತ ಅವನಿಗೆ ಗೊತ್ತು. ನನ್ನ ಹೆಂಡತಿಗೆ ತೆಗೆದಿದ್ದ.’

ಆತ ನನ್ನ ಉಚ್ಚಾರ ಕೇಳಿ ತಿರುಗಿದ. ‘ನೀನೆಲ್ಲಿಯವನು?’

‘ನಮ್ಮ ಬೀದಿಯವನು,’ ಅಂದ ಕ್ಲೈವ್. ‘ನೀನು?’

ಆತ ಬೇರೆ ಕಡೆ ಸರಿದ. ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಬಂದೆವು. ನನ್ನ ಗೇಟಿನ ಹತ್ತಿರ ನಿಂತು, ‘ನೋಡಿದ್ಯಾ ಅವತ್ತು?’ ಅಂದ. ‘ನೋಡಿದೆ,’ ಎಂದೆ.

೧೯ ಸೆಪ್ಟೆಂಬರ್, ಸೋಮವಾರ

ರಾಣಿಯ ಅಂತ್ಯಕ್ರಿಯೆ. ದೇಶಕ್ಕೆಲ್ಲ ರಜೆ. ಏಜೆಂಟ್ ನಾಳೆ ಬರುತ್ತಾನಂತೆ.

ಬೆಳಿಗ್ಗೆ ಕ್ಲೈವ್ ಬಾಗಿಲಲ್ಲಿ, ಹ್ಯಾಮ್ ಸ್ಯಾಂಡ್‌ವಿಚ್ ತಟ್ಟೆ ಹಿಡಿದು. ‘ನನ್ನ ಟಿವಿ ಕೆಟ್ಟಿದೆ.’ ಗೋಡೆಯಾಚೆ ಅವನ ಟಿವಿ ಸಣ್ಣಗೆ ಮಾತಾಡುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಸುಮ್ಮನೆ ಒಳಗೆ ಕರೆದೆ.

ಮೌರೀನಳ ಕುರ್ಚಿಯಲ್ಲಿ ಅವನು ಕೂರಲಿಲ್ಲ. ನೆಲದ ಮೇಲೆ ಕೂತ, ಆ ನೋಯುವ ಮೊಣಕಾಲು ಇಟ್ಟುಕೊಂಡು!

‘ನೀನ್ಯಾಕೆ ಇಲ್ಲಿನ ಪೌರ ಆಗ್ಲಿಲ್ಲ? ಅವಳು ಎಷ್ಟು ಹೇಳಿದ್ಲು,’ ಎಂದು ಕೇಳಿದ.

‘ಈ ರಾಣಿ ಹೆಸರಲ್ಲಿ ಪ್ರಮಾಣ ಮಾಡ್ಬೇಕಿತ್ತು. ನಂಗೆ ಆಗ್ಲೇ ಡೆನ್ಮಾರ್ಕಲ್ಲೊಬ್ಬಳು ರಾಣಿ ಇದ್ಲು. ಇಬ್ಬರನ್ನ ಹೇಗೆ ಸಾಕೋದು?’

‘ನಂಗೆ ಒಬ್ಬಳೇ ದುಬಾರಿ.’

ನಕ್ಕೆವು. ಟಿವಿಯಲ್ಲಿ ಶವಪೆಟ್ಟಿಗೆಯ ಹಿಂದೆ ರಾಣಿಯ ಮಕ್ಕಳು ನಡೆಯುತ್ತಿದ್ದರು. ಎಲ್ಲರಿಗೂ ವಯಸ್ಸಾಗಿತ್ತು. ನಗು ನಿಂತಿತು.

‘ದೋಣಿಗಳು ವಾಪಸ್ ಬರ್ತವೆ ಅಂದ್ಕೊಂಡೆ ಪ್ರೆಬೆನ್,’ ಅಂದ ಕ್ಲೈವ್, ಟಿವಿಯಿಂದ ಕಣ್ಣು ತೆಗೆಯದೆ. ‘ಮತ ಹಾಕಿದ್ದು ಅದಕ್ಕೇ. ಹಡಗುಕಟ್ಟೆ ತುಂಬುತ್ತೆ, ಬೀದಿ ಮತ್ತೆ ಮೊದಲಿನ ಥರ ಆಗುತ್ತೆ ಅಂತ.’

‘ಬಂದ್ವಾ?’

‘ಎಲ್ಲಿ ಬಂದ್ವು. ನೀನೂ ಹೊರಟೆ.’

ನಾನು ಮನೆ ಮಾರುವ ವಿಷಯ ಅಂಚೆಯವನು ಹೇಳಿದನಂತೆ. ಈ ಬೀದಿಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಚಹಾ ಮಾಡಲು ಎದ್ದೆ. ತಿರುಗಿ ಬರುವಾಗ ಪೆಟ್ಟಿಗೆಯನ್ನು ಚರ್ಚಿನಿಂದ ಹೊರಗೆ ತರುತ್ತಿದ್ದರು. ಕ್ಲೈವ್ ಅಳುತ್ತಿದ್ದ.

‘ಅವಳಿಗಲ್ಲ,’ ಅಂದ, ಟಿವಿ ಕಡೆ ಕೈ ತೋರಿಸಿ.

‘ಗೊತ್ತು ಕಣೋ,’ ಎಂದೆ.

೨೦ ಸೆಪ್ಟೆಂಬರ್

ಏಜೆಂಟ್ ಬಂದ. ಚೂಪು ಬೂಟು, ಕೈಯಲ್ಲಿ ಅಳತೆಯ ಟೇಪು. ಬಾಗಿಲಲ್ಲೇ ನಿಲ್ಲಿಸಿ ಕ್ಷಮೆ ಕೇಳಿ ಕಳಿಸಿದೆ. ಆಮೇಲೆ ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದೆ.

ಯೊನ್ನಾಗೆ ಫೋನ್ ಮಾಡಿದೆ. ಅತ್ತಳು. ‘ಹಾಗಾದ್ರೆ ಮನೆಗೆ ಬರೋದೇ ಇಲ್ವಾ?’ ಎಂದಳು. ಬೇಸಿಗೆಯಲ್ಲಿ ಬರುತ್ತೇನೆ, ಒಂದಷ್ಟು ದಿನ ಇರುತ್ತೇನೆ ಎಂದೆ. ಮನೆ ಎಂದರೆ ಯಾವುದು ಎಂದು ಅವಳಿಗೆ ಹೇಗೆ ಹೇಳಲಿ... ನನಗೇ ಇವತ್ತು ತಾನೇ ಗೊತ್ತಾಗಿದ್ದು...

ಕ್ಲೈವ್ ಗೋಡೆ ತಟ್ಟುತ್ತಿದ್ದಾನೆ. ಏನೋ ಸುಡುತ್ತಿರುವ ವಾಸನೆ, ಅವನ ಕಡೆಯಿಂದ. ಹೋಗಿ ನೋಡಿ ಬಂದು ಬರೆಯುತ್ತೇನೆ —